ಹಿಟ್ಟಿನ ಕೋಳಿಯ ಕೂಗು, ಇರುವೆಯ ಮೌನ

ಕನಕಪುರದಿಂದ ರಾಮನಗರದ ಕಡೆಗೆ ಹೊರಟವರನ್ನು ಹೆಬ್ಬಂಡೆಗಳ ಬೆಟ್ಟಸಾಲು ಎದುರುಗೊಳ್ಳುತ್ತದೆ. ಆ ಸಾಲಿನ ರಾಮದೇವರ ಬೆಟ್ಟದ ತಪ್ಪಲಿನಲ್ಲಿ 1973ರಲ್ಲಿ ‘ರಾಮ್‌ಗಢ’ ಎಂಬ ಕಲ್ಪನೆಯ ಊರೊಂದು ತಲೆಯೆತ್ತಿತು. ಸಲೀಂ–ಜಾವೇದ್ ಬರೆದು ರಮೇಶ್ ಸಿಪ್ಪಿ ನಿರ್ದೇಶಿಸಿದ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡಿತು. ಸಿನಿಮಾದ ಊರು ಅಳಿಯಿತು; ಕಥೆ ಉಳಿಯಿತು. ಈ ಸೀಮೆಯವರು ಇಂದಿಗೂ ಬಂಡೆಗಳತ್ತ ಕೈಮಾಡಿ ಗಬ್ಬರ್ ಸಿಂಗನನ್ನು ನೆನೆಯುತ್ತಾರೆ.

ಆ ಚಿತ್ರದಲ್ಲಿ ದೃಷ್ಟಿಹೀನ ಇಮಾಮರ ಹರೆಯದ ಮಗ ಡಕಾಯಿತರ ಕೈಗೆ ಸಿಕ್ಕಿಬೀಳುತ್ತಾನೆ. ತೆರೆಕಂಡ ಪ್ರತಿಯಲ್ಲಿ ಅವನ ಕೊಲೆಯನ್ನು ತೋರಿಸಿಲ್ಲ. ಒರಗಿ ಮಲಗಿದ ಗಬ್ಬರನ ತೋಳಿನ ಮೇಲೆ ಇರುವೆ ಹರಿಯುತ್ತದೆ. ಅವನು ಅದನ್ನು ಹೊಸಕುತ್ತಾನೆ. ಬಳಿಕ ಕುದುರೆಯೊಂದು ಹುಡುಗನ ಶವವನ್ನು ಹೊತ್ತು ಊರಿಗೆ ಮರಳುತ್ತದೆ. ಬಹಳ ಹಿಂದೆ ಅದನ್ನು ನೋಡಿದಾಗ ನಾನೂ ಎಲ್ಲರಂತೆ ಆ ಹುಡುಗನಿಗಾಗಿ ಕಣ್ಣೊರೆಸಿಕೊಂಡಿದ್ದೆ. ಇರುವೆಯ ನೆನಪೇ ಬರಲಿಲ್ಲ. ಸ್ಪರ್ಶ, ರಸ, ಗಂಧಗಳನ್ನು ಅರಿಯುವ ತ್ರೀಂದ್ರಿಯ ಜೀವಿಗಳ ಸಾಲಿನಲ್ಲಿ ಜಿನಾಗಮವು ಇರುವೆಯನ್ನು ಎಣಿಸಿದೆ ಎಂಬುದನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವನು ನಾನು. ಆದರೂ ಅದು ನನಗೆ ಕೇವಲ ಸಂಕೇತವಾಗಿಬಿಟ್ಟಿತ್ತು.

ಸಂಕೇತವೆಂದರೆ ನಿರಪಾಯವೇ? ಈ ಪ್ರಶ್ನೆಗೆ ಕನ್ನಡದಲ್ಲಿ ಎಂಟು ಶತಮಾನಗಳ ಹಿಂದೆಯೇ ಉತ್ತರ ಹುಟ್ಟಿದೆ. ಹೊಯ್ಸಳ ವೀರಬಲ್ಲಾಳನಿಂದ ‘ಕವಿಚಕ್ರವರ್ತಿ’ ಎನಿಸಿಕೊಂಡ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು. ಉಜ್ಜಯಿನಿಯ ಅರಸ ಯಶೋಧರನಿಗೆ ತಾಯಿ ಚಂದ್ರಮತಿ ದೇವಿಗೆ ಪ್ರಾಣಿಬಲಿ ಕೊಡುವಂತೆ ಒತ್ತಾಯಿಸುತ್ತಾಳೆ. ಜೀವವಧೆಗೆ ಅವನು ಒಪ್ಪುವುದಿಲ್ಲ. ತಾಯಿಯ ಮಾತನ್ನು ಮೀರಲೂ ಆರನು. ಕೊನೆಗೆ ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ಕಡಿಯುತ್ತಾನೆ. ಕತ್ತಿ ತಗುಲಿದೊಡನೆ ಅದರೊಳಗೆ ಸೇರಿದ್ದ ಬೆಂತರ ಕೋಳಿಯಾಗಿ ಕೂಗುತ್ತದೆ! ಆ ಒಂದು ಪೆಟ್ಟಿನ ಫಲವಾಗಿ ತಾಯಿ–ಮಗ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿಗಳಾಗಿ ಹುಟ್ಟಿಹುಟ್ಟಿ ಸಾಯುತ್ತಾರೆ. ಗಿರೀಶ ಕಾರ್ನಾಡರು ಇದೇ ವಸ್ತುವನ್ನು ಎತ್ತಿಕೊಂಡು ‘ಹಿಟ್ಟಿನ ಹುಂಜ’ ನಾಟಕವನ್ನು ಬರೆದರು.

ಕೊಂದದ್ದು ಹಿಟ್ಟನ್ನು, ಆದರೆ ಕೊಲ್ಲುವ ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಹೆಸರಿಸುತ್ತಾರೆ. ರಾಗಾದಿ ಭಾವಗಳು ತಲೆದೋರುವುದೇ ಹಿಂಸೆ, ತಲೆದೋರದಿರುವುದೇ ಅಹಿಂಸೆ ಎಂಬುದು ಆಚಾರ್ಯ ಅಮೃತಚಂದ್ರರ ನಿಲುವು. ಕೈ ಕೊಲ್ಲುವ ಮೊದಲೇ ಮನಸ್ಸು ಕೊಂದಿರುತ್ತದೆ. ಕತ್ತಿ ಎತ್ತದ ಪ್ರೇಕ್ಷಕನಿಗೂ ಈ ಮಾತು ಸಲ್ಲುತ್ತದೆ.

ನಮ್ಮ ಪರಂಪರೆಯ ತಂದುಲ ಮತ್ಸ್ಯದ ಕಥೆ ಇದನ್ನೇ ಹೇಳುತ್ತದೆ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯವೊಂದು ಬಾಯ್ದೆರೆದು ನಿದ್ರಿಸುತ್ತಿರುತ್ತದೆ. ಕಿರುಮೀನುಗಳು ಅದರ ಬಾಯೊಳಗೆ ಹೊಕ್ಕು ಹೊರಡುತ್ತವೆ. ಅದರ ಕಿವಿಯಲ್ಲಿ ಅಕ್ಕಿಕಾಳಿನಷ್ಟೇ ಗಾತ್ರದ ಮೀನೊಂದು ಕುಳಿತು ನೋಡುತ್ತಿದೆ. “ಎಂತಹ ಮೂಢ! ನನಗೆ ಈ ದೇಹವಿದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ” ಎಂದು ಅದು ಹಲುಬುತ್ತದೆ. ಒಂದು ಮೀನನ್ನೂ ತಿನ್ನದೆ, ಬರಿಯ ಭಾವದಿಂದಲೇ ಅದು ಏಳನೆಯ ನರಕಕ್ಕೆ ಇಳಿಯಿತು. ಕತ್ತಲ ಚಿತ್ರಮಂದಿರದಲ್ಲಿ “ಹೊಡಿ, ಬಿಡಬೇಡ” ಎಂದು ಕೂಗುವಾಗ ನಾವು ಯಾರ ಕಿವಿಯಲ್ಲಿ ಕುಳಿತಿರುತ್ತೇವೆ?

‘ಶೋಲೆ’ಯ ಮೂಲ ಅಂತ್ಯದಲ್ಲಿ ಠಾಕೂರನು ಗಬ್ಬರನನ್ನು ತುಳಿದು ಕೊಲ್ಲುತ್ತಾನೆ. ಸೆನ್ಸಾರ್ ಮಂಡಳಿಯ ಆಕ್ಷೇಪದಿಂದ ಅದನ್ನು ಬದಲಿಸಿ, ಪೊಲೀಸರು ಬಂದು ಬಂಧಿಸುವಂತೆ ಚಿತ್ರಿಸಲಾಯಿತು. ತೆರೆಯ ಮೇಲಿನ ಕಾಲನ್ನು ಮಂಡಳಿ ತಡೆಯಿತು. ಪ್ರೇಕ್ಷಕನ ಮನದೊಳಗಿನ ಕಾಲನ್ನು ತಡೆಯುವವರು ಯಾರು? ಆಮೇಲೆ ಗಬ್ಬರನ ಮಾತುಗಳು ಮನೆಮನೆಯ ವಿನೋದವಾದವು. ಬಿಸ್ಕತ್ತಿನ ಜಾಹೀರಾತಿಗೂ ಅವನೇ ಬಂದನು. ತೆರೆಯ ಮೇಲೆ ಮಕ್ಕಳನ್ನು ಬೆದರಿಸಿದವನು ಮಕ್ಕಳ ತಿನಿಸಿಗೆ ಮುಖವಾದದ್ದು ನಮಗೆ ವಿಚಿತ್ರವೆನಿಸಲಿಲ್ಲ. ಹಿಂಸೆ ಹೀಗೆ ನಗೆಯ ವೇಷ ತೊಟ್ಟು ಮನೆಯೊಳಗೆ ಬರುತ್ತದೆ. ಇಂದು ಅದು ಕಿಸೆಯ ಮೊಬೈಲಿನಲ್ಲಿಯೇ ಬರುತ್ತದೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನು ಬಿಡಬೇಕಾದ ಐದು ಅನರ್ಥದಂಡಗಳನ್ನು ಎಣಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ದುಃಶ್ರುತಿಯೆಂದರೆ ರಾಗದ್ವೇಷಗಳಿಂದ ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು. ಕೇಳುವುದೂ ಒಂದು ಕರ್ಮ ಎಂಬ ಎಚ್ಚರ ಅಷ್ಟು ಹಿಂದೆಯೇ ಇತ್ತು.

ಹಾಗಾದರೆ ಕಥೆಯನ್ನೇ ತೊರೆಯಬೇಕೆ? ಖಂಡಿತ ಅಲ್ಲ. ಜಿನಧರ್ಮ ಕಥೆಗೆ ಹೆದರಿದ ಧರ್ಮವಲ್ಲ. ಕೇಳುಗರನ್ನು ತತ್ತ್ವದತ್ತ ಸೆಳೆಯುವ ಆಕ್ಷೇಪಿಣಿ, ತಪ್ಪು ನಿಲುವನ್ನು ಬಿಡಿಸುವ ವಿಕ್ಷೇಪಿಣಿ, ಧರ್ಮಾಭಿರುಚಿಯನ್ನು ಹುಟ್ಟಿಸುವ ಸಂವೇಗಿನಿ, ವೈರಾಗ್ಯವನ್ನು ಮೂಡಿಸುವ ನಿರ್ವೇಗಿನಿ ಎಂದು ಧರ್ಮಕಥೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ ಪರಂಪರೆ ಇದು. ಜನ್ನನು ರಕ್ತವನ್ನು ಬಚ್ಚಿಡಲಿಲ್ಲ. ಅವನ ಕಾವ್ಯದಲ್ಲಿ ಬಲಿಯೂ ಉಂಟು, ವಿಷವೂ ಉಂಟು. ಆದರೆ ಅವನು ನಮ್ಮನ್ನು ಕತ್ತಿ ಹಿಡಿದವನ ಹಿಂದೆ ನಿಲ್ಲಿಸಿ ಸುಮ್ಮನಾಗುವುದಿಲ್ಲ. ಕಡಿಸಿಕೊಳ್ಳುವ ಜೀವದೊಳಗೆ, ಜನ್ಮದಿಂದ ಜನ್ಮಕ್ಕೆ, ಕೂರಿಸುತ್ತಾನೆ. ಕಲಾವಿದನ ಹೊಣೆ ಇರುವುದು ಹಿಂಸೆಯನ್ನು ತೋರಿಸಬೇಕೇ ಬೇಡವೇ ಎಂಬುದರಲ್ಲಷ್ಟೇ ಅಲ್ಲ. ತೋರಿಸಿ ನೋಡುಗನನ್ನು ಎಲ್ಲಿ ಬಿಡುತ್ತಾನೆ ಎಂಬುದರಲ್ಲಿ.

ಆ ಕಾವ್ಯದ ಚೌಕಟ್ಟನ್ನೂ ಮರೆಯಬಾರದು. ಚಂಡಮಾರಿಯ ಗುಡಿಯಲ್ಲಿ ಅರಸ ಮಾರಿದತ್ತನು ಬಲಿಗೆ ಸಿದ್ಧನಾಗಿದ್ದಾನೆ. ಎದುರಿಗೆ ಇರುವವರು ಅಭಯರುಚಿ ಮತ್ತು ಅಭಯಮತಿ ಎಂಬ ಎಳೆಯರು. ಅವರ ಬಳಿ ಆಯುಧವಿಲ್ಲ, ಸೈನ್ಯವಿಲ್ಲ. ಇದ್ದದ್ದು ಒಂದು ಕಥೆ; ತಾವೇ ಹಿಂದೆ ಯಶೋಧರ, ಚಂದ್ರಮತಿಯರಾಗಿ ಬಾಳಿದ ಕಥೆ. ಅದನ್ನು ಕೇಳಿ ಅರಸನ ಮನಸ್ಸು ಕರಗಿತು, ಬಲಿ ನಿಂತಿತು. ಮನಸ್ಸನ್ನು ಕೆಡಿಸುವ ಶಕ್ತಿಯುಳ್ಳ ಕಥೆಗೆ ಮನಸ್ಸನ್ನು ಉಳಿಸುವ ಶಕ್ತಿಯೂ ಉಂಟು.

ಆದುದರಿಂದ ಸಂಜೆಯ ಪ್ರತಿಕ್ರಮಣದಲ್ಲಿ ನಡೆದ ತಪ್ಪುಗಳೊಡನೆ ನೋಡಿದ ಕಥೆಗಳನ್ನೂ ನೆನೆಯೋಣ. ಇಂದು ಯಾರ ಸಾವಿಗೆ ಚಪ್ಪಾಳೆ ತಟ್ಟಿದೆ? ಯಾರ ನೋವು ನನ್ನ ಕಣ್ಣಿಗೆ ಬೀಳಲೇ ಇಲ್ಲ? ಮಕ್ಕಳು ಪಕ್ಕದಲ್ಲಿ ಕುಳಿತು ಚಿತ್ರ ನೋಡುವಾಗ ಬೈದು ಅದನ್ನು ನಿಲ್ಲಿಸುವುದಕ್ಕಿಂತ ಈ ಪ್ರಶ್ನೆಯನ್ನು ಅವರೊಡನೆ ಕೇಳಿಕೊಳ್ಳುವುದು ಲೇಸು.

ಮೊನ್ನೆ ‘ಶೋಲೆ’ಯ ಆ ದೃಶ್ಯವನ್ನು ಮತ್ತೊಮ್ಮೆ ನೋಡಿದೆ. ಹುಡುಗನಿಗಾಗಿ ಕಣ್ಣು ತೇವವಾಯಿತು. ಈ ಬಾರಿ ಇರುವೆಗಾಗಿಯೂ ಮನಸ್ಸಿನಲ್ಲಿ ‘ಮಿಚ್ಛಾಮಿ ದುಕ್ಕಡಂ’ ಎಂದುಕೊಂಡೆ. ಕೋಳಿಯಂತೆ ಕೂಗಲು ಅದಕ್ಕೆ ಬಾಯಿರಲಿಲ್ಲ.