ಗದುಗಿನಿಂದ ಧಾರವಾಡಕ್ಕೆ

ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ, ಮೆಟ್ರಿಕ್ ಮುಗಿಸಿದ ಗದುಗಿನ ಹುಡುಗನಿಗೆ ಪದವಿಯ ದಾರಿಯೆಂದರೆ ಪುಣೆಯ ಅಥವಾ ಮುಂಬಯಿಯ ದಾರಿ. ಬರಿಯ ಜಾಣತನದಿಂದ ಆ ದೂರ ಸವೆಯುತ್ತಿರಲಿಲ್ಲ. ಮನೆಯಲ್ಲಿ ಹಣವಿರಬೇಕು, ಇಲ್ಲವೆ ವಿದ್ಯಾರ್ಥಿವೇತನ ದೊರೆಯಬೇಕು. ಸೀಮೆಯ ಆಡಳಿತವೂ ವಿಚಿತ್ರವಾಗಿತ್ತು. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. 1948ರ ವಿಲೀನದವರೆಗೆ ನೆರೆಯೂರಿನ ಹುಡುಗರು ಬೇರೆ ಬೇರೆ ಸರಕಾರಗಳ ಪ್ರಜೆಗಳು!

ಧಾರವಾಡ ಹತ್ತಿರವಾದ ಮೇಲೂ ಅನ್ನದ ಪ್ರಶ್ನೆ ಉಳಿಯಿತು. ಕೆಲವರಿಗೆ ವಾರಾನ್ನ, ಅನೇಕರಿಗೆ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಪ್ರಸಾದನಿಲಯವೇ ತವರು. ಇನ್ನು ಕಾಲೇಜಿನ ಕಟ್ಟಡವೋ, ಹಿಂದೆ ರೈಲ್ವೆ ಕಂಪನಿಯ ಕಚೇರಿಯಾಗಿದ್ದದ್ದು. ರೈಲಿಳಿದು ಬಂದ ಹುಡುಗ ಮತ್ತೆ ರೈಲಿನವರ ಮನೆಗೇ ಬಂದು ಸೇರಿದಂತಾಯಿತು.

ನಿಜವಾದ ಕಷ್ಟ ತರಗತಿಯೊಳಗಿತ್ತು. ಹೈಸ್ಕೂಲಿನ ಮಾಸ್ತರರು ಅವನ ತಂದೆಯನ್ನೂ ಬಲ್ಲವರು. ಪಾಠ ಒಪ್ಪಿಸದಿದ್ದರೆ ಕಿವಿ ಹಿಂಡುತ್ತಿದ್ದರು. ಇಲ್ಲಿ ಅಧ್ಯಾಪಕರು ಒಂದು ತಾಸು ಇಂಗ್ಲಿಷಿನಲ್ಲಿ ಉಪನ್ಯಾಸ ಮಾಡಿ ಹೊರಟುಹೋಗುವರು. ತಿಳಿಯಿತೇ ಎಂದು ಕೇಳುವವರಿಲ್ಲ. ಊರಿನಲ್ಲಿ ಮೊದಲಿಗನಾಗಿದ್ದವನಿಗೆ ಸುತ್ತ ಕುಳಿತವರೆಲ್ಲ ತಮ್ಮ ತಮ್ಮ ಊರಿನ ಮೊದಲಿಗರೇ ಎಂಬ ಅರಿವು ತಡವಾಗಿ ಆಗುತ್ತಿತ್ತು. ಉಳ್ಳವರ ಮಗ ನಪಾಸಾದರೆ ಒಂದು ವರ್ಷ ಹೋಯಿತು. ಬಡವನಿಗೆ ವೇತನವೇ ನಿಂತು, ಮರಳಿ ಹೊಲಕ್ಕೋ ಅಂಗಡಿಯ ಲೆಕ್ಕಕ್ಕೋ ಹೋಗಬೇಕಾದ ಭಯ.

ಕರ್ನಾಟಕ ವಿಶ್ವವಿದ್ಯಾಲಯದ ಕಾಯಿದೆ 1949ರಲ್ಲಿ ಬಂದಿತು; 2016ರಲ್ಲಿ ಗದುಗಿಗೇ ಒಂದು ವಿಶ್ವವಿದ್ಯಾಲಯ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಷಯದ್ದು, ದೊರೆಯಿತು. ಹರದಾರಿಗಳು ಕಡಿಮೆಯಾದವು. ಮೊದಲ ಮೂರು ತಿಂಗಳ ದಿಗಿಲು ಅಷ್ಟು ಸುಲಭವಾಗಿ ಕಡಿಮೆಯಾಗುವಂತಹದಲ್ಲ. ಅಂದಿನ ಹುಡುಗ ಮನೆಗೆ ಬರೆಯುತ್ತಿದ್ದ ಕಾರ್ಡಿನಲ್ಲಿ ಊಟ ಚೆನ್ನಾಗಿದೆ, ಚಿಂತೆ ಬೇಡ ಎಂದಿರುತ್ತಿತ್ತು. ಪಾಠ ತಿಳಿಯುತ್ತಿಲ್ಲವೆಂಬುದನ್ನು ಅವನು ಬರೆಯುತ್ತಿರಲಿಲ್ಲ.