ಬಿದ್ದ ಬಂಡೆಗೆ ಎಷ್ಟು ದಂಡ?

ಅಮೆರಿಕದ ಯೂಟಾ ರಾಜ್ಯದಲ್ಲಿ ಗಾಬ್ಲಿನ್ ವ್ಯಾಲಿ ಎಂಬ ಉದ್ಯಾನವಿದೆ. ಉದ್ಯಾನ ಎಂದೊಡನೆ ಹೂವು, ಹುಲ್ಲುಹಾಸು ಎಂದುಕೊಳ್ಳಬೇಡಿ. ಅಲ್ಲಿರುವುದು ಮರಳುಗಲ್ಲಿನ ಕೆಂಪು ಬಯಲು. ಬಯಲಿನ ತುಂಬ ಅಣಬೆಯಂತೆ, ಬಿಚ್ಚಿದ ಕೊಡೆಯಂತೆ, ಮುಂಡಾಸು ಸುತ್ತಿದ ಕುಳ್ಳರಂತೆ ನಿಂತಿರುವ ಸಾವಿರಾರು ಕಲ್ಲುಗಳು. ಮೆತ್ತಗಿನ ಪದರ ಗಾಳಿಮಳೆಗೆ ಬೇಗ ಸವೆಯುತ್ತದೆ, ಗಟ್ಟಿ ಪದರ ನಿಧಾನವಾಗಿ. ಹಾಗಾಗಿ ಕೆಳಗಿನದು ಸವೆದು ಕತ್ತಾಗುತ್ತದೆ, ಮೇಲಿನದು ತಲೆಯಾಗಿ ಉಳಿಯುತ್ತದೆ. ಆ ಕಲ್ಲು ಹುಟ್ಟಿದ್ದು ಸುಮಾರು 17 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕಾಲದಲ್ಲಿ.

2013ರ ಅಕ್ಟೋಬರಿನಲ್ಲಿ ಅಲ್ಲಿಗೆ ಸ್ಕೌಟ್ ಮಕ್ಕಳ ಜೊತೆ ಬಂದಿದ್ದ ಮುಖಂಡರಲ್ಲಿ ಒಬ್ಬಾತ ಅಂಥದೊಂದು ಕಲ್ಲಿಗೆ ಬೆನ್ನು ಬಗ್ಗಿಸಿ, ಕಾಲೂರಿ ನೂಕಿದ. ತಲೆ ಉರುಳಿ ಕೆಳಗೆ ಬಿತ್ತು. ಇನ್ನೊಬ್ಬ ನಗುತ್ತ ವಿಡಿಯೊ ಮಾಡಿದ. ಅದನ್ನು ಅವರೇ ಅಂತರಜಾಲಕ್ಕೂ ಹಾಕಿದರು. ಮಕ್ಕಳಿಗೆ ಕಾಡಿನ ಶಿಸ್ತು ಹೇಳಿಕೊಡಬೇಕಾದವರು ಮಾಡಿದ ಕೆಲಸ ಇದು! ಲೋಕವೆಲ್ಲ ಉಗಿದಾಗ ಅವರು ಹೇಳಿದ್ದು, ‘ಕಲ್ಲು ಅಲ್ಲಾಡುತ್ತಿತ್ತು, ಯಾವುದಾದರೂ ಮಗುವಿನ ಮೇಲೆ ಬಿದ್ದೀತೆಂದು ನಾವೇ ಬೀಳಿಸಿದೆವು’ ಎಂದು. ಹಾಗಿದ್ದರೆ ಉದ್ಯಾನದ ಕಾವಲುಗಾರರಿಗೆ ಒಂದು ಮಾತು ಹೇಳಬಹುದಿತ್ತಲ್ಲ?

ಸ್ಕೌಟ್ ಸಂಸ್ಥೆ ಅವರನ್ನು ಹೊರಹಾಕಿತು. ಮೊದಲು ಭಾರೀ ಅಪರಾಧದ ಮೊಕದ್ದಮೆಯೇ ಬಿತ್ತು. ಅವರು ತಪ್ಪೊಪ್ಪಿಕೊಂಡ ಮೇಲೆ ಅದು ಸಣ್ಣ ಅಪರಾಧಕ್ಕೆ ಇಳಿಯಿತು. 2014ರಲ್ಲಿ ಬಂದ ಶಿಕ್ಷೆ ಒಂದು ವರ್ಷ ನಿಗಾದಲ್ಲಿರುವುದು ಮತ್ತು ದಂಡ. ಜೈಲಿಲ್ಲ.

ಈಗ ಇಂಗ್ಲೆಂಡಿಗೆ ಬನ್ನಿ. ಅಲ್ಲಿನ ಉತ್ತರ ಭಾಗದಲ್ಲಿ ರೋಮನ್ನರು ಕಟ್ಟಿಸಿದ ಹೇಡ್ರಿಯನ್ ಗೋಡೆ ಗುಡ್ಡದಿಂದ ಗುಡ್ಡಕ್ಕೆ ಏರಿಳಿಯುತ್ತ ಸಾಗುತ್ತದೆ. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಒಂದೇ ಒಂದು ಸಿಕಮೋರ್ ಮರವಿತ್ತು. ಆ ತಗ್ಗಿಗೇ ‘ಸಿಕಮೋರ್ ಗ್ಯಾಪ್’ ಎಂದು ಹೆಸರು. 1991ರಲ್ಲಿ ಬಂದ ರಾಬಿನ್ ಹುಡ್ ಸಿನಿಮಾದಲ್ಲಿ ಕಾಣಿಸಿಕೊಂಡ ಮೇಲಂತೂ ಅದು ಜಗತ್ಪ್ರಸಿದ್ಧವಾಯಿತು. ಜನ ಅದರಡಿ ಮದುವೆಯ ಮಾತಾಡಿದ್ದುಂಟು, ತೀರಿಹೋದ ಹಿರಿಯರ ಬೂದಿಯನ್ನು ಅಲ್ಲಿ ಚೆಲ್ಲಿದ್ದುಂಟು. ನಮ್ಮ ಊರಿನ ಅರಳಿಕಟ್ಟೆ ಇದ್ದಂತೆ ಎನ್ನಿ.

2023ರ ಸೆಪ್ಟೆಂಬರ್ 28ರ ಬೆಳಿಗ್ಗೆ ನೋಡಿದರೆ ಮರ ಗೋಡೆಯ ಮೇಲೆ ಅಡ್ಡ ಬಿದ್ದಿತ್ತು. ಬಿರುಗಾಳಿಯ ರಾತ್ರಿ ಯಾರೋ ಯಂತ್ರದ ಗರಗಸದಿಂದ ಕೊಯ್ದಿದ್ದರು. ಇಡೀ ದೇಶ ಸಿಟ್ಟಾಯಿತು.

ಆ ಸಿಟ್ಟಿನ ಮೊದಲ ದಿನವೇ ಪೊಲೀಸರು ಹಿಡಿದದ್ದು 16 ವರ್ಷದ ಹುಡುಗನೊಬ್ಬನನ್ನು. ಆಮೇಲೆ 60 ದಾಟಿದ ಒಬ್ಬರನ್ನು. ಇಬ್ಬರದ್ದೂ ಏನೂ ತಪ್ಪಿಲ್ಲವೆಂದು ತಿಳಿದು ಬಿಟ್ಟುಬಿಟ್ಟರು. ಮೊಮ್ಮಗನ ವಯಸ್ಸಿನವನೊಬ್ಬ, ತಾತನ ವಯಸ್ಸಿನವರೊಬ್ಬರು! ಆವತ್ತು ಜನರ ಕೈಗೆ ಕೊಟ್ಟಿದ್ದರೆ ಅವರ ಗತಿ ಏನಾಗುತ್ತಿತ್ತು ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ. ಇಂಥ ಸುದ್ದಿ ಬಂದಾಗ ಫೋನಿನಲ್ಲಿ ಒಂದು ಮುಖ ತೋರಿಸಿ ‘ಇವನೇ ಅಪರಾಧಿ, ಎಲ್ಲರಿಗೂ ಕಳಿಸಿ’ ಎಂದು ಬರುತ್ತದಲ್ಲ, ಅದನ್ನು ಮುಂದಕ್ಕೆ ಕಳಿಸುವವರಲ್ಲಿ ನನ್ನ ವಯಸ್ಸಿನವರೇ ಹೆಚ್ಚು. ಇದು ಅಜ್ಜ-ಅಜ್ಜಿಯರಿಗೆ ಹೇಳಿದ ಮಾತು, ಮಕ್ಕಳಿಗಲ್ಲ.

ನಿಜವಾಗಿ ಮರ ಕಡಿದವರು ಇಬ್ಬರು ಗೆಳೆಯರು. ದೂರದಿಂದ ವಾಹನದಲ್ಲಿ ಬಂದು, ಕತ್ತಲಲ್ಲಿ ನಡೆದುಹೋಗಿ, ಕಡಿದು, ಅದರ ವಿಡಿಯೊವನ್ನೂ ಇಟ್ಟುಕೊಂಡಿದ್ದರು. 2025ರ ಜುಲೈನಲ್ಲಿ ನ್ಯಾಯಾಲಯ ಇಬ್ಬರಿಗೂ ತಲಾ ನಾಲ್ಕು ವರ್ಷ ಮೂರು ತಿಂಗಳ ಜೈಲು ವಿಧಿಸಿತು.

ಈ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ದೊಡ್ಡ ಪಂಚಾಯ್ತಿಯೇ ನಡೆಯಿತು. ಏಳನೇ ತರಗತಿಯ ಮೊಮ್ಮಗಳು, ‘ನಾಲ್ಕು ವರ್ಷ ಸಾಲದು ತಾತ, ಮರ ಎಷ್ಟು ವರ್ಷ ಬೆಳೆದಿತ್ತೋ ಅಷ್ಟು ವರ್ಷ ಹಾಕಬೇಕು’ ಎಂದಳು. ಮರಕ್ಕೆ ನೂರು ದಾಟಿತ್ತು. ಹಾಗಾದರೆ ಗಾಬ್ಲಿನ್ ವ್ಯಾಲಿಯ ಕಲ್ಲಿಗೆ 17 ಕೋಟಿ ವರ್ಷವೇ ಎಂದು ಅವಳ ಅಣ್ಣ ರೇಗಿಸಿದ. ನನ್ನಾಕೆ ಮಾತ್ರ ಸಾರು ಬಡಿಸುತ್ತ, ‘ಜೈಲಿನಲ್ಲಿ ಕೂರಿಸಿ ಅನ್ನ ಹಾಕಿದರೆ ಮರ ಬರುತ್ತದೆಯೇ? ಗಿಡ ನೆಡಿಸಿ, ನೀರು ಹಾಕಿಸಬೇಕು’ ಎಂದಳು.

ನಾನು ಬ್ಯಾಂಕಿನ ಕೌಂಟರಿನ ಹಿಂದೆ ಆಯುಷ್ಯ ಕಳೆದವನು. ನಮ್ಮಲ್ಲಿ ಸಂಜೆ ನಗದು ಎಣಿಸಿ ಲೆಕ್ಕ ತಾಳೆ ನೋಡುವಾಗ ನೂರು ರೂಪಾಯಿ ಕಡಿಮೆ ಬಂದರೆ ಕ್ಯಾಷಿಯರ್ ತನ್ನ ಜೇಬಿನಿಂದ ತುಂಬಬೇಕು. ತುಂಬಿದನೋ, ಮುಗಿಯಿತು, ನಾಳೆ ಮತ್ತೆ ಅದೇ ಕುರ್ಚಿ. ಆದರೆ ಆ ನೂರು ರೂಪಾಯಿಯನ್ನು ಬೇಕೆಂದೇ ತೆಗೆದಿದ್ದರೆ ತುಂಬಿದ ಮಾತ್ರಕ್ಕೆ ಬಿಡುವುದಿಲ್ಲ, ವಿಚಾರಣೆಯಾಗುತ್ತದೆ. ಕೈತಪ್ಪಿ ಹೋದದ್ದಕ್ಕೂ ಕೈ ಹಾಕಿ ತೆಗೆದದ್ದಕ್ಕೂ ಮೊತ್ತ ಒಂದೇ ಇರಬಹುದು, ಶಿಕ್ಷೆ ಒಂದೇ ಅಲ್ಲ. ನಷ್ಟ ತುಂಬಿಸುವುದು ಒಂದು, ಮನಸ್ಸನ್ನು ನೋಡಿ ಶಿಕ್ಷಿಸುವುದು ಇನ್ನೊಂದು. ಎರಡನ್ನೂ ಒಂದೇ ಕಾಲಂನಲ್ಲಿ ಬರೆಯಬಾರದು.

ನಷ್ಟ ತುಂಬಿಸಿದ್ದಕ್ಕೆ ಬಲು ಚೆನ್ನಾದ ಉದಾಹರಣೆ ನಮ್ಮ ಹಂಪಿಯಲ್ಲೇ ಇದೆ. ಆನೆಲಾಯದ ಹಿಂಭಾಗದ ವಿಷ್ಣು ದೇವಾಲಯದ ಆವರಣದಲ್ಲಿ ಕೆಲವು ಯುವಕರು ಕಲ್ಲಿನ ಕಂಬವೊಂದನ್ನು ನೂಕಿ ಬೀಳಿಸಿದ ವಿಡಿಯೊ 2019ರ ಫೆಬ್ರವರಿಯಲ್ಲಿ ಎಲ್ಲೆಡೆ ಹರಿದಾಡಿತು. ಪೊಲೀಸರು ನಾಲ್ವರನ್ನು ಬಂಧಿಸಿದರು. ಹೊಸಪೇಟೆಯ ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿತು. ಅಷ್ಟಕ್ಕೇ ಬಿಡದೆ, ಬೀಳಿಸಿದ ಕಂಬವನ್ನು ಮತ್ತೆ ನಿಲ್ಲಿಸಿ ಎಂದಿತು. ಪುರಾತತ್ವ ಇಲಾಖೆಯವರ ಎದುರಿನಲ್ಲಿ ಅವರು ಕಂಬ ಎತ್ತಿ ನಿಲ್ಲಿಸಿದರು. ನೂಕುವುದಕ್ಕೆ ಒಂದು ಗಳಿಗೆ ಸಾಕು, ನಿಲ್ಲಿಸುವುದಕ್ಕೆ ಎಷ್ಟು ಮೈ ನೋಯಬೇಕೆಂದು ಅವರಿಗೆ ಅವತ್ತು ಗೊತ್ತಾಗಿರಬೇಕು. ನನ್ನ ಪ್ರಕಾರ ಆ 70,000ಕ್ಕಿಂತ ತೂಕದ್ದು ಈ ಎರಡನೆಯ ಮಾತು. ದಂಡದ ಹಣ ಉಳ್ಳವನಿಗೆ ಒಂದು ಪ್ರವಾಸದ ಖರ್ಚು, ಇಲ್ಲದವನಿಗೆ ಮನೆಮಂದಿಯ ವರ್ಷದ ಅನ್ನ. ಕಂಬದ ಭಾರ ಮಾತ್ರ ಇಬ್ಬರಿಗೂ ಒಂದೇ.

ಆದರೆ ಹಂಪಿಯ ಕಂಬ ಮನುಷ್ಯ ಕಡೆದದ್ದು, ಮನುಷ್ಯನೇ ನಿಲ್ಲಿಸಬಹುದು. ಗಾಬ್ಲಿನ್ ವ್ಯಾಲಿಯ ತಲೆಯನ್ನು ಅಂಟು ಹಾಕಿ ಕೂರಿಸಿದರೆ ಅದು ಗಾಳಿಮಳೆ ಮಾಡಿದ್ದಾಗುವುದಿಲ್ಲ. ಪ್ರಕೃತಿಯ ಲೆಕ್ಕದಲ್ಲಿ ಕಡಿಮೆ ಬಿದ್ದದ್ದನ್ನು ಯಾವ ಜೇಬಿನಿಂದ ತುಂಬುವುದು? ಇಲ್ಲಿ ಹಣ ಸೋಲುತ್ತದೆ. ಉಳಿಯುವುದು ಕಾಲ ಒಂದೇ. ಕಾಲವೇ ಮಾಡಿದ್ದನ್ನು ಕೆಡಿಸಿದವನು ತನ್ನ ಕಾಲವನ್ನೇ ಕೊಡಲಿ ಎಂಬುದು ನನ್ನ ವಾದ.

ಇದನ್ನು ನಾನೇ ಕಂಡುಹಿಡಿದದ್ದಲ್ಲ. 2014ರಲ್ಲಿ ಒಬ್ಬ ಯುವತಿ ಅಮೆರಿಕದ ಒಂದೊಂದೇ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಬಂಡೆಗಳ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಮುಖಗಳನ್ನು ಬರೆದು, ಫೋಟೊಗಳನ್ನು ತಾನೇ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದಳು. ಬೆಟ್ಟ ಹತ್ತುವವರು ಅದನ್ನು ನೋಡಿ ಪತ್ತೆ ಮಾಡಿದರು. 2016ರಲ್ಲಿ ಏಳು ಉದ್ಯಾನಗಳ ಲೆಕ್ಕದಲ್ಲಿ ಆಕೆ ತಪ್ಪೊಪ್ಪಿಕೊಂಡಳು. ಶಿಕ್ಷೆ: ಎರಡು ವರ್ಷ ನಿಗಾ, ಆ ಅವಧಿಯಲ್ಲಿ ರಾಷ್ಟ್ರೀಯ ಉದ್ಯಾನಗಳಿಗೆ ಕಾಲಿಡುವಂತಿಲ್ಲ, 200 ಗಂಟೆ ಸಮಾಜ ಸೇವೆ, ಒಂದು ಕ್ಷಮಾಪಣಾ ಪತ್ರ. ಇಷ್ಟು ಅಳೆದು ತೂಗಿದ ಶಿಕ್ಷೆ ಅಪರೂಪ. ಬಣ್ಣ ತೊಳೆಯುವ ಕೆಲಸವನ್ನೂ ಆಕೆಗೇ ಕೊಡಬೇಕಿತ್ತಲ್ಲ ಎಂದು ನೀವು ಕೇಳಬಹುದು. ಅದು ಕಂಡಷ್ಟು ಸುಲಭವಲ್ಲ. ಕಲ್ಲಿನ ಸಣ್ಣ ರಂಧ್ರಗಳಿಗೆ ಬಣ್ಣ ಇಳಿದಿರುತ್ತದೆ. ಗೊತ್ತಿಲ್ಲದವರು ತಂತಿ ಬ್ರಷ್ ಹಿಡಿದು ಉಜ್ಜಿದರೆ ಬಣ್ಣದ ಜೊತೆ ಕಲ್ಲಿನ ಮೇಲ್ಪದರವೂ ಕಿತ್ತು ಬರುತ್ತದೆ.

ನಮ್ಮ ನಾಡಿನಲ್ಲೂ ಇಂಥ ಬಂಡೆಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದಲ್ಲಿ ಐದು ಮೂಲೆ, ಆರು ಮೂಲೆಯ ಲಾವಾ ಕಂಬಗಳಿವೆ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು ಅವು, ಸುಮಾರು 8.8 ಕೋಟಿ ವರ್ಷ ಹಳೆಯವು. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಎಂದು 2010ರಲ್ಲಿ ತಿದ್ದುಪಡಿಯಾದ ಕಾನೂನು ಹೇಳುತ್ತದೆ. ಭೂಮಿಯೇ ಮಾಡಿದ ಇಂಥ ಬಂಡೆಗಳಿಗೂ ಪ್ರತ್ಯೇಕ ಕಾನೂನು ಬೇಕೆಂದು ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಒಂದು ಕರಡು ಹೊರಡಿಸಿತ್ತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಎಂಬುದೂ ಒಂದು ಶಿಕ್ಷೆ. ಸದ್ಯಕ್ಕೆ ಅದು ಸಣ್ಣ ಕಳ್ಳತನ, ಕುಡಿದು ಗಲಾಟೆ ಮುಂತಾದ ಕೆಲವೇ ತಪ್ಪುಗಳಿಗೆ. ಬಂಡೆಯ ಮೇಲೆ ಹೆಸರು ಕೆತ್ತುವವರನ್ನೂ ಆ ಪಟ್ಟಿಗೆ ಸೇರಿಸಿದರೆ ನನಗೆ ಸಂತೋಷ. ರಜೆಯ ದಿನ ಬರಲಿ, ಬಂಡೆಯ ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ ಅದರ ವಯಸ್ಸು ಹೇಳಲಿ. ಹೇಳುವ ಮೊದಲು ತಾನು ಕಲಿಯಬೇಕಲ್ಲ!

ಮಕ್ಕಳೇ, ಮೊಳೆ ಹಿಡಿದು ಬಂಡೆ ಗೀಚಿದವನು ನಿಮ್ಮ ವಯಸ್ಸಿನವನೇ ಆದರೆ? 18 ತುಂಬದವರ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ. ಬುದ್ಧಿ ಹೇಳಿ ಕಳಿಸುವುದಕ್ಕೂ, ಸಮುದಾಯ ಸೇವೆ ಮಾಡಿಸುವುದಕ್ಕೂ, ಅಪ್ಪ-ಅಮ್ಮನಿಂದ ದಂಡ ಕಟ್ಟಿಸುವುದಕ್ಕೂ 2015ರ ಕಾನೂನಿನಲ್ಲಿ ಅವಕಾಶವಿದೆ. ದಂಡ ಕಟ್ಟಿಸುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಗೀಚಿದ್ದು ಮಗನ ಕೈ, ಕಟ್ಟುವುದು ಅಪ್ಪನ ಸಂಬಳ, ಬೆನ್ನಿಗೆ ಬೀಳುವ ಏಟು ಮತ್ತೆ ಮಗನಿಗೇ. ಇದರಲ್ಲಿ ಬಂಡೆಗೆ ಏನು ಸಿಕ್ಕಿತು?

ಮೊಮ್ಮಗಳ ತೀರ್ಪು ಇನ್ನೂ ಬದಲಾಗಿಲ್ಲ. ಆದರೆ ಇಂಗ್ಲೆಂಡಿನ ಆ ಮರದ ವಿಷಯದಲ್ಲಿ ಅವಳಜ್ಜಿ ಹೇಳಿದಂಥದ್ದೇ ನಡೆಯುತ್ತಿದೆ, ಅಪರಾಧಿಗಳ ಕೈಯಿಂದ ಅಲ್ಲದಿದ್ದರೂ. ಬಿದ್ದ ಮರದಿಂದ ಕಣ್ಣು, ಬೀಜ ಆರಿಸಿ ತಂದು ಸಸಿ ಮಾಡಿದ್ದಾರೆ. ಮರ 49 ಅಡಿ ಎತ್ತರವಿತ್ತು. ಅಡಿಗೊಂದರಂತೆ 49 ಸಸಿಗಳನ್ನು ಬೇರೆಬೇರೆ ಊರುಗಳಿಗೆ ಕೊಟ್ಟಿದ್ದಾರೆ. 2024ರ ಬೇಸಿಗೆಯಲ್ಲಿ ಹಳೆಯ ಬೊಡ್ಡೆಯ ಬುಡದಲ್ಲೂ ಎಂಟು ಚಿಗುರು ಕಾಣಿಸಿಕೊಂಡವು. ಅವು ಮತ್ತೆ ಹಿಂದಿನಂಥ ಮರವಾಗಲು ನೂರೈವತ್ತು, ಇನ್ನೂರು ವರ್ಷ ಬೇಕಂತೆ. ಕಡಿದ ಇಬ್ಬರ ಶಿಕ್ಷೆ ಮುಗಿಯುವ ಹೊತ್ತಿಗೆ ಅವು ಮೊಮ್ಮಗಳ ಎತ್ತರಕ್ಕೆ ಬಂದಿರುತ್ತವೋ ಏನೋ.