ನಿಮಗಿದು ಗೊತ್ತೆ? ತೇಪೆಯ ಪಕ್ಕದಲ್ಲೇ ಹೊಸ ತುಕ್ಕು!

ಸಮುದ್ರದಿಂದ ನೂರಾರು ಕಿ.ಮೀ. ದೂರದ ನಾಗಪುರದಲ್ಲೂ ಹಳೆಯ ಕಟ್ಟಡಗಳ ಸಜ್ಜಾ, ಬಾಲ್ಕನಿಗಳಿಂದ ಕಾಂಕ್ರೀಟ್ ಚಕ್ಕೆ ಏಳುತ್ತದೆ. ಉಪ್ಪುಗಾಳಿಯೇ ಇಲ್ಲದಲ್ಲಿ ತುಕ್ಕು ಹೇಗೆ? ಹೊಸ ಕಾಂಕ್ರೀಟಿನ ಪಿಎಚ್ 12.5ಕ್ಕೂ ಹೆಚ್ಚು, ಆ ಕ್ಷಾರವೇ ಒಳಗಿನ ಕಂಬಿಯ ಕಾವಲು. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಸೇರಿ ಪಿಎಚ್ 9ರ ಆಸುಪಾಸಿಗೆ ಇಳಿದರೆ ಕಾವಲು ತಪ್ಪುತ್ತದೆ, ಮಳೆಗಾಲದ ತೇವ ಉಳಿದ ಕೆಲಸ ಮುಗಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟ್ ಸೀಳುತ್ತದೆ.

ಉದುರಿದಲ್ಲಿಗೆ ಗಾರೆ ಮೆತ್ತಿದರೆ ಸಾಲದೆ? ಸಾಲದು. ಕಂಬಿಯ ಮುಂಬದಿಯನ್ನಷ್ಟೇ ಕೆರೆದರೆ ಬೆನ್ನಿನ ತುಕ್ಕು ಹಾಗೇ ಉಳಿಯುತ್ತದೆ. ಹಿಂದೆಯೂ ಸುಮಾರು 20 ಮಿ.ಮೀ. ಕೆತ್ತಿ ಸುತ್ತಲೂ ಉಜ್ಜಬೇಕು. ಕಾಂಕ್ರೀಟಿಗೆ ಉಪ್ಪು ಸೇರಿದ್ದರೆ (ಸವುಳು ಬೋರ್‌ವೆಲ್ ನೀರು ಬಳಸಿದ್ದರೆ ಒಳನಾಡಿನಲ್ಲೂ ಇದು ಸಾಧ್ಯ) ಇನ್ನೊಂದು ಪೇಚು: ತೇಪೆಯೊಳಗಿನ ಕಂಬಿ ಸುರಕ್ಷಿತವಾಗುತ್ತದೆ, ಅಂಚಿನಾಚೆಯದು ಮೊದಲಿಗಿಂತ ಬೇಗ ತುಕ್ಕು ಹಿಡಿಯತೊಡಗುತ್ತದೆ. ಅದಕ್ಕೇ ಅಂಚಿನಲ್ಲಿ ಸತುವಿನ ತುಂಡು ಕಟ್ಟುತ್ತಾರೆ. ಕಂಬಿಯ ಬದಲು ಅದು ಸವೆಯುತ್ತದೆ. ಇದು ದುಬಾರಿ ಎಂಬ ಆಕ್ಷೇಪ ನ್ಯಾಯವೇ. ಉಪ್ಪಿಲ್ಲದಲ್ಲಿ ಆ ಹಣವನ್ನು ಇಂಗಾಲದ ಡೈಆಕ್ಸೈಡ್ ತಡೆಯುವ ಲೇಪನಕ್ಕೆ, ಕ್ಯೂರಿಂಗಿಗೆ ಸುರಿಯುವುದೇ ಜಾಣತನ. 45 ಡಿಗ್ರಿ ದಾಟುವ ನಾಗಪುರದ ಮೇ ಬಿಸಿಲಲ್ಲಿ ಒದ್ದೆ ಗೋಣಿ ಹೊದಿಸದ ತೇಪೆ ಬಿರುಕು ಬಿಡದೆ ಇರದು. ದುರಸ್ತಿಗೆ ಮುನ್ನ, ಆಗಷ್ಟೇ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಲು ಕಂಟ್ರಾಕ್ಟರಿಗೆ ಹೇಳಿ: ಗುಲಾಬಿಯಾದರೆ ಕ್ಷಾರ ಉಳಿದಿದೆ, ಬಣ್ಣ ಬರದಿದ್ದರೆ ಹೋಗಿದೆ.